ನಂದಿಯ ತಪ್ಪಲಿನಲ್ಲಿ ದ್ರಾಕ್ಷಾರಸದ ರುಚಿ

ನಿಮ್ಮ ಮನೆಯ ಔಷಧಿಯ ಗೂಡಿನಲ್ಲಿ ದ್ರಾಕ್ಷಾರಿಷ್ಟದ ಒಂದು ಸೀಸೆ ಇದ್ದರೂ ಇದ್ದೀತು. ಊಟವಾದ ಮೇಲೆ ಅಷ್ಟೇ ನೀರು ಬೆರೆಸಿ ಎರಡು ಚಮಚ ಕುಡಿಯುವ ಹಿರಿಯರು ಅದನ್ನು ಮದ್ಯವೆಂದು ಎಣಿಸಿದವರಲ್ಲ. ಆದರೆ ಸೀಸೆಯ ಮೇಲಿನ ಚೀಟಿಯನ್ನು ಓದಿ ನೋಡಿ. ತಾನಾಗಿ ಹುಟ್ಟಿದ ಮದ್ಯಸಾರ ಇಂತಿಷ್ಟು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ ಸೇರಿಸಿ, ಧಾತಕೀ ಹೂವು ಹಾಕಿ, ಬಾಯಿ ಕಟ್ಟಿ ಇಟ್ಟರೆ ಕೆಲವು ದಿನಗಳಲ್ಲಿ ಅದರಲ್ಲಿ ಹುದುಗು ಏಳುತ್ತದೆ. ದ್ರಾಕ್ಷಿಯ ಸಕ್ಕರೆ ಮದ್ಯಸಾರವಾಗುವ ಈ ಕ್ರಿಯೆ ನಮ್ಮ ವೈದ್ಯರಿಗೆ ಬಹುಕಾಲದಿಂದ ಗೊತ್ತಿದ್ದದ್ದೇ.

ಗೊತ್ತಿದ್ದದ್ದು ವೈದ್ಯರಿಗಷ್ಟೇ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕೆಲಸವನ್ನು ಹೇಳುವ ಅಧ್ಯಾಯ ಒಂದುಂಟು. ಅಲ್ಲಿ ಬಗೆಬಗೆಯ ಸುರೆಗಳಿಗೆ ಇಷ್ಟು ಅಕ್ಕಿ, ಇಷ್ಟು ಕಿಣ್ವ, ಇಂಥ ಮಸಾಲೆ ಎಂದು ಪಾಕವನ್ನು ಕೊಟ್ಟಿದೆ. ದ್ರಾಕ್ಷಿಯ ರಸದಿಂದಾದ ‘ಮಧು’ವಿಗೆ ಮಾತ್ರ ಪಾಕವಿಲ್ಲ. ಅದನ್ನು ಅದು ಹುಟ್ಟಿದ ನಾಡಿನಿಂದ ಗುರುತಿಸಬೇಕೆಂದು ಹೇಳಿ, ಕಾಪಿಶಾಯನ, ಹಾರಹೂರಕ ಎಂಬ ಎರಡು ಹೆಸರುಗಳನ್ನು ಕೊಟ್ಟು ಸುಮ್ಮನಾಗುತ್ತದೆ. ಕಾಪಿಶಿ ಎಂದರೆ ಕಾಬೂಲಿನ ಉತ್ತರಕ್ಕಿರುವ ಇಂದಿನ ಬೆಗ್ರಾಮ್. ಈ ಗ್ರಂಥದ ಓಲೆಯ ಪ್ರತಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ, 1909ರಲ್ಲಿ ಅಚ್ಚಾಗಿ ಹೊರಬಂದುದನ್ನು ನೀವು ಬಲ್ಲಿರಿ.

ಒಂದು ಊರು ಒಂದು ಪಾನೀಯದೊಳಗೆ ಸೇರುವುದೆಂದರೇನು? ಚಿಕ್ಕಮಗಳೂರಿನ ಕಾಫಿಗೂ ನೀಲಗಿರಿಯ ಕಾಫಿಗೂ ವ್ಯತ್ಯಾಸ ಹೇಳಬಲ್ಲ ಮನೆಗಳಲ್ಲಿ ಈ ಪ್ರಶ್ನೆ ಅಪರಿಚಿತವೇನಲ್ಲ. ವೈನಿನ ಮಟ್ಟಿಗೆ ಇದಕ್ಕೆ ಉತ್ತರ ಹುಡುಕಲು ಕಾಬೂಲಿಗೂ ಫ್ರಾನ್ಸಿಗೂ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಯಲಹಂಕ, ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರಕ್ಕೆ ಹೋಗಿ, ಅಲ್ಲಿಂದ ದೇವನಹಳ್ಳಿಯ ಹಾದಿ ಹಿಡಿದರೆ ರಘುನಾಥಪುರದ ಬಳಿ ಒಂದು ದ್ರಾಕ್ಷಾರಸದ ಕಾರ್ಖಾನೆಯಿದೆ. ಮೊದಲು ಗ್ರೋವರ್ ವೈನ್‌ಯಾರ್ಡ್ಸ್ ಎಂದಿದ್ದ ಇದಕ್ಕೆ, 2012ರಲ್ಲಿ ನಾಸಿಕದ ಇನ್ನೊಂದು ಕಂಪನಿಯೊಡನೆ ಕೂಡಿದ ಮೇಲೆ ಗ್ರೋವರ್ ಜಂಪಾ ಎಂಬ ಹೆಸರು ಬಂದಿತು.

ದೊಡ್ಡಬಳ್ಳಾಪುರದಲ್ಲಿ ಮಗ್ಗಗಳ ಸದ್ದು ಕೇಳುತ್ತದೆ. ಊರು ದಾಟಿದೊಡನೆ ಕೆಂಪು ನೆಲ, ರಾಗಿಯ ಹೊಲ, ನೀಲಗಿರಿ ತೋಪು; ಉತ್ತರಕ್ಕೆ ನೋಡಿದರೆ ನಂದಿಯ ಸಾಲು. ಬೆಟ್ಟದ ನೆತ್ತಿ 1478 ಮೀಟರ್ ಎತ್ತರದಲ್ಲಿದ್ದರೆ ತೋಟಗಳು ಸುಮಾರು 900 ಮೀಟರಿನಲ್ಲಿವೆ. ಮುಂಜಾನೆ ಬೆಟ್ಟದ ಹೆಗಲಿಗೆ ಮೋಡ ಒರಗಿರುವಾಗ ಸಾಲು ಸಾಲಾಗಿ ಬಳ್ಳಿಗಳು ನಿಂತ ಈ ನೋಟಕ್ಕಾಗಿಯೇ ಅನೇಕರು ಇಲ್ಲಿಗೆ ಬರುತ್ತಾರೆ. ನೋಟ ಚೆಲುವಾಗಿದೆ, ಅನುಮಾನವಿಲ್ಲ. ಆದರೆ ಬಳ್ಳಿಯನ್ನು ಸಮೀಪದಿಂದ ನೋಡದೆ ಹಿಂದಿರುಗಿದರೆ ಬಂದ ದಾರಿಗೆ ಸುಂಕವಿಲ್ಲ.

ತಿನ್ನುವ ದ್ರಾಕ್ಷಿಯನ್ನು ನಮ್ಮ ರೈತರು ಚಪ್ಪರಕ್ಕೆ ಹಬ್ಬಿಸುತ್ತಾರೆ. ಇಲ್ಲಿ ಚಪ್ಪರವಿಲ್ಲ. ತಂತಿಗೆ ಕಟ್ಟಿದ ಬಳ್ಳಿ ನೆಟ್ಟಗೆ ಮೇಲಕ್ಕೆ ಏರಿದೆ. ಗೊಂಚಲು ಮೊಣಕಾಲಿಗಿಂತ ಸ್ವಲ್ಪ ಮೇಲೆ, ಬಿಸಿಲು ಗಾಳಿ ಆಡುವಂತೆ ತೂಗುತ್ತದೆ. ಹಣ್ಣು ಕಡಲೆಕಾಳಿಗಿಂತ ತುಸು ದೊಡ್ಡದು. ಬಾಯಿಗೆ ಹಾಕಿಕೊಂಡರೆ ತಿರುಳಿಗಿಂತ ಸಿಪ್ಪೆ ಮತ್ತು ಬೀಜವೇ ಹೆಚ್ಚು. ವೈನಿಗೆ ಬೇಕಾದದ್ದು ಹುಳಿ ಎಂದು ಹಲವರು ತಿಳಿಯುತ್ತಾರೆ; ನಿಜಕ್ಕೂ ಈ ಹಣ್ಣು ಪೇಟೆಯ ದ್ರಾಕ್ಷಿಗಿಂತ ಸಿಹಿ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ನೂರಕ್ಕೆ 1 ಪಾಲು ಮದ್ಯಸಾರವಾಗುತ್ತದೆ. 13 ಪಾಲಿನ ವೈನಾಗಲು ಲೀಟರಿಗೆ 220 ಗ್ರಾಂ ಸಕ್ಕರೆ ಹಣ್ಣಿನಲ್ಲೇ ಕೂಡಿರಬೇಕು. ಬಳ್ಳಿ ಹೆಚ್ಚು ಗೊಂಚಲು ಹೊತ್ತರೆ ಅದು ಆಗದ ಮಾತು. ಆದ್ದರಿಂದ ಇಳುವರಿಯನ್ನು ಬೇಕೆಂದೇ ತಗ್ಗಿಸುತ್ತಾರೆ. ನೀರನ್ನು ಕೊಳವೆಯಿಂದ ಹನಿಹನಿಯಾಗಿ, ಅಳೆದು ಬಿಡುತ್ತಾರೆ.

ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯವಾದುದು. ವೈನಿಗೆ ಹೆಸರಾದ ನಾಡುಗಳು ಬಹುಮಟ್ಟಿಗೆ ಭೂಮಧ್ಯರೇಖೆಯಿಂದ 30ರಿಂದ 50 ಡಿಗ್ರಿಗಳ ಒಳಗೆ, ಉತ್ತರಕ್ಕೋ ದಕ್ಷಿಣಕ್ಕೋ ಇವೆ. ಅಲ್ಲಿ ಚಳಿಗಾಲ ಬಂತೆಂದರೆ ಬಳ್ಳಿ ಎಲೆ ಉದುರಿಸಿ ನಿದ್ರಿಸುತ್ತದೆ. ವಸಂತದಲ್ಲಿ ಎಚ್ಚರಗೊಂಡು ಚಿಗುರುತ್ತದೆ. ನಂದಿ ಇರುವುದು 13 ಡಿಗ್ರಿಯಲ್ಲಿ. ಇಲ್ಲಿ ಬಳ್ಳಿಗೆ ನಿದ್ರೆಯೇ ಇಲ್ಲ. ಸುಮ್ಮನೆ ಬಿಟ್ಟರೆ ವರ್ಷವಿಡೀ ಎಲೆ ಬಿಡುತ್ತಾ, ಮನಬಂದಾಗ ಒಂದೊಂದು ಗೊಂಚಲು ಕೊಡುತ್ತಾ ಇರುತ್ತದೆ. ಒಂದೇ ಗೊಂಚಲಿನಲ್ಲಿ ಹಣ್ಣೂ ಕಾಯೂ ಕೂಡಿರುತ್ತವೆ.

ಇದಕ್ಕೆ ನಮ್ಮವರು ಕಂಡ ಉಪಾಯ ವರ್ಷಕ್ಕೆ ಎರಡು ಸಲ ಸವರುವುದು. ವಿಜಯಪುರದ ಕಡೆ ಇದನ್ನು ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಸುಮಾರಿಗೆ ಬಳ್ಳಿಯನ್ನು ಬುಡದ ಒಂದೆರಡು ಕಣ್ಣು ಉಳಿಯುವಂತೆ ಬೋಳಿಸುತ್ತಾರೆ. ಹೊಸ ಕಡ್ಡಿಗಳು ಬೇಸಿಗೆಯ ಬಿಸಿಲಿನಲ್ಲಿ ಬೆಳೆಯುತ್ತವೆ. ಆಗ ಒಂದೆರಡು ತಿಂಗಳೊಳಗೆ ಪ್ರತಿ ಕಣ್ಣಿನ ಒಳಗೂ ಮುಂದಿನ ಗೊಂಚಲಿನ ಮೂಲರೂಪ ಸಿದ್ಧವಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಆ ವಾರಗಳಲ್ಲಿ ಮೋಡ ಮುಸುಕಿದರೆ ಕಣ್ಣುಗಳು ಬರಡಾಗುತ್ತವೆ. ಅದು ರೈತನಿಗೆ ತಿಳಿಯುವುದು ತಿಂಗಳುಗಳ ಮೇಲೆ. ಮಳೆಗಾಲವನ್ನು ಬಳ್ಳಿ ಬರಿಯ ಎಲೆಯಲ್ಲೇ ಕಳೆಯುತ್ತದೆ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಎರಡನೆಯ ಸಲ, ಈ ಸಾರಿ ಕಡ್ಡಿಯನ್ನು ತುಸು ಉದ್ದ ಬಿಟ್ಟು ಸವರುತ್ತಾರೆ. ಎಲ್ಲ ಕಣ್ಣುಗಳೂ ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಎಂಬ ದ್ರವವನ್ನು ಕಡ್ಡಿಗೆ ಬಳಿಯುವುದುಂಟು. ಇದು ವಿಷ, ಕೈಗವಸು ಇಲ್ಲದೆ ಮುಟ್ಟತಕ್ಕದ್ದಲ್ಲ. ಆ ಮೇಲೆ ಚಿಗುರು, ಹೂವು, ಕಾಯಿ. ನಾಲ್ಕೈದು ತಿಂಗಳಲ್ಲಿ ಹಣ್ಣು.

ಹೀಗೆ ಫ್ರಾನ್ಸಿನಲ್ಲಿ ಬೇಸಿಗೆಯ ಕೊನೆಗೆ ಮಾಗುವ ಹಣ್ಣು ಇಲ್ಲಿ ಚಳಿಗಾಲದಲ್ಲಿ ಬೆಳೆದು ಬೇಸಿಗೆಯ ಬಾಗಿಲಲ್ಲಿ ಮಾಗುತ್ತದೆ. ಮಳೆ ತಪ್ಪಿಸಿಕೊಳ್ಳಲು ಇದೊಂದೇ ದಾರಿ. ಈ ಲೆಕ್ಕದಲ್ಲಿ ಬೆಟ್ಟದ ಪಾಲು ದೊಡ್ಡದು. ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆ ಕೊಟ್ಟರೆ, ರಾತ್ರಿಯ ತಂಪು ಅದರ ಹುಳಿಯನ್ನು ಉಳಿಸುತ್ತದೆ. ಬಯಲು ಸೀಮೆಯ ಸೆಕೆಯಲ್ಲಿ ಹುಳಿ ರಾತ್ರಿಯೂ ಕರಗುತ್ತಾ ಹೋಗಿ ವೈನು ಸಪ್ಪೆಯಾಗುತ್ತದೆ. 900 ಮೀಟರ್ ಎತ್ತರದ ಡಿಸೆಂಬರ್ ಜನವರಿಯ ರಾತ್ರಿಗಳು, ನೀವು ರಗ್ಗು ಹೊದ್ದು ಮಲಗುವ ರಾತ್ರಿಗಳು, ಲೋಟದಲ್ಲಿ ಹುಳಿಯಾಗಿ ಬಂದು ಕುಳಿತಿರುತ್ತವೆ. ಊರು ಪಾನೀಯದಲ್ಲಿ ಸೇರುವುದೆಂದರೆ ಮೊದಲಿಗೆ ಇದು.

ದ್ರಾಕ್ಷಿ ಈ ನೆಲಕ್ಕೆ ಹೊಸದೇನೂ ಅಲ್ಲ. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳ ಸುತ್ತ ಸುಮಾರು ನೂರೈವತ್ತು ವರ್ಷಗಳಿಂದ ‘ಬೆಂಗಳೂರು ನೀಲಿ’ ಬೆಳೆಯುತ್ತಿದೆ. ದಪ್ಪ ಸಿಪ್ಪೆಯ, ಕಡುನೇರಳೆ ಬಣ್ಣದ, ತಿಂದರೆ ಬೆರಳಿಗೆ ಬಣ್ಣ ಅಂಟುವ ಆ ಹಣ್ಣನ್ನು ನೀವು ತಿಂದೇ ಇರುತ್ತೀರಿ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರಕಿತು. ಅದರ ವಂಶದಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ರಕ್ತವಿದೆ. ಆ ಘಮಲು ಷರಬತ್ತಿಗೂ ಜಾಮಿಗೂ ಸೊಗಸು. ಸಿಹಿ ‘ಪೋರ್ಟ್’ ವೈನುಗಳನ್ನೂ ಅದರಿಂದ ಮಾಡುತ್ತಾರೆ. ಸಿಹಿಯಿಲ್ಲದ ವೈನಿನಲ್ಲಿ ಮಾತ್ರ ಆ ಘಮಲು ಮಿಕ್ಕೆಲ್ಲವನ್ನೂ ಮುಚ್ಚಿಬಿಡುತ್ತದೆ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸಿನ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ತಜ್ಞರೊಡನೆ ಸೇರಿ ಫ್ರೆಂಚ್ ತಳಿಗಳನ್ನು ಇಲ್ಲಿ ನೆಡಿಸಿದ್ದು 1988ರಲ್ಲಿ. ಮೊದಲ ವೈನು ಪೇಟೆಗೆ ಬಂದದ್ದು 1992ರಲ್ಲಿ. ಅಂದು ಇದನ್ನು ಹುಚ್ಚು ಸಾಹಸವೆಂದವರಿದ್ದರೆ ಆಶ್ಚರ್ಯವಿಲ್ಲ. ರಾಜ್ಯ ಸರ್ಕಾರದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದು 2007ರಲ್ಲಿ, ಎಂದರೆ ಹದಿನೈದು ವರ್ಷಗಳ ಮೇಲೆ.

ಕಾರ್ಖಾನೆಯ ಒಳಗೆ ಕಾಲಿಟ್ಟರೆ ಮೊದಲು ತಣ್ಣಗಾಗುತ್ತದೆ, ಆಮೇಲೆ ವಾಸನೆ ಬರುತ್ತದೆ: ದೋಸೆಯ ಹಿಟ್ಟು ರಾತ್ರಿಯಲ್ಲಿ ಉಬ್ಬಿದಾಗ ಬರುವಂಥದೇ, ಹಣ್ಣಿನ ಕಂಪಿನೊಡನೆ. ಉಕ್ಕಿನ ದೊಡ್ಡ ಕೊಳಗಗಳಲ್ಲಿ ನಡೆಯುತ್ತಿರುವುದೂ ಹುದುಗುವ ಕೆಲಸವೇ. ಬಿಳಿಯ ವೈನಿಗೆ ಹಣ್ಣನ್ನು ಹಿಂಡಿ ರಸವನ್ನಷ್ಟೇ ತಂಪಿನಲ್ಲಿ ಹುದುಗಿಸುತ್ತಾರೆ. ಕೆಂಪಿಗೆ ಸಿಪ್ಪೆ ಬೀಜಗಳ ಸಮೇತ ಹುದುಗಿಸಬೇಕು. ಏಕೆಂದರೆ ಬಣ್ಣವಿರುವುದು ಸಿಪ್ಪೆಯಲ್ಲಿ. ಕಪ್ಪು ದ್ರಾಕ್ಷಿಯನ್ನೂ ಹಿಂಡಿದರೆ ಬರುವ ರಸ ಬಹುಪಾಲು ಬಣ್ಣವಿಲ್ಲದ್ದು. ಹುದುಗುವಾಗ ಇಂಗಾಲದ ಡೈ ಆಕ್ಸೈಡ್ ಉಕ್ಕಿ ಸಿಪ್ಪೆಗಳನ್ನು ಮೇಲಕ್ಕೆತ್ತುತ್ತದೆ. ಅವನ್ನು ಮತ್ತೆ ಮತ್ತೆ ಕೆಳಗೆ ಅದ್ದಬೇಕು. ಆ ಅನಿಲ ನೆಲಮಟ್ಟದಲ್ಲಿ ಕೂಡುವುದರಿಂದ, ಗಾಳಿಯಾಡದ ಕೊಳಗಕ್ಕೆ ಇಳಿದವನ ಪ್ರಾಣಕ್ಕೇ ಅಪಾಯ. ಸಕ್ಕರೆ ಮುಗಿದ ಮೇಲೆ ಕೆಂಪು ವೈನಿನಲ್ಲಿ ಇನ್ನೊಂದು ಕ್ರಿಯೆ ಸದ್ದಿಲ್ಲದೆ ನಡೆಯುತ್ತದೆ: ಹಸಿ ಸೇಬಿನಲ್ಲಿರುವ ಹುಳಿಯನ್ನು ಬ್ಯಾಕ್ಟೀರಿಯಗಳು ಮೊಸರಿನಲ್ಲಿರುವ ಹುಳಿಯಾಗಿ ಮಾರ್ಪಡಿಸುತ್ತವೆ. ಹರಿತವಾಗಿದ್ದುದು ಮೆತ್ತಗಾಗುತ್ತದೆ. ಆ ಮೇಲೆ ಕೆಲವನ್ನು ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಸಾಮಾನ್ಯವಾಗಿ ಒಂದು ಪೀಪಾಯಿ 225 ಲೀಟರಿನದು.

ಇನ್ನು ರುಚಿ ನೋಡುವ ಕೋಣೆ. ಇಲ್ಲಿ ಅನೇಕರಿಗೆ ಸಂಕೋಚ ಹಿಡಿಯುತ್ತದೆ. ಒಂದು ಕಡೆ, ‘ಇದು ನಮಗೆ ಸಲ್ಲುವುದೇ’ ಎಂಬ ಅಳುಕು. ಅದು ಸುಳ್ಳು ಅಳುಕಲ್ಲ. ಮದ್ಯಪಾನವನ್ನು ನಿಲ್ಲಿಸಲು ರಾಜ್ಯಗಳು ಯತ್ನಿಸಬೇಕೆಂದು ನಮ್ಮ ಸಂವಿಧಾನದ 47ನೆಯ ವಿಧಿಯೇ ಹೇಳುತ್ತದೆ. ವೈನು ಹೃದಯಕ್ಕೆ ಒಳ್ಳೆಯದೆಂಬ ಮಾತು ಬಹಳ ದಿನ ಪ್ರಚಾರದಲ್ಲಿತ್ತು. ಆದರೆ ಮದ್ಯಸಾರ ಎಷ್ಟು ಕಡಿಮೆಯಾದರೂ ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿತು. ದ್ರಾಕ್ಷಿಯಿಂದ ಬಂದರೂ ಕಬ್ಬಿನಿಂದ ಬಂದರೂ ಅದು ಅದೇ ಮದ್ಯಸಾರ. ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುತ್ತಿರುವವರು, ಹಿಂದಿರುಗುವಾಗ ಕಾರು ನಡೆಸುವವರು ಲೋಟ ಮುಟ್ಟದಿರುವುದೇ ಸರಿ. ಉಳಿದವರಿಗೂ ಕೋಣೆಯಲ್ಲಿ ಒಂದು ಪಾತ್ರೆ ಇಟ್ಟಿರುತ್ತದೆ. ರುಚಿ ನೋಡಿದ್ದನ್ನು ಉಗುಳಲೆಂದೇ ಅದನ್ನು ಇಟ್ಟಿರುವುದು. ದಿನಕ್ಕೆ ಹತ್ತಾರು ಮಾದರಿ ನೋಡುವ ಕಸುಬುದಾರರು ಒಂದು ಗುಟುಕನ್ನೂ ನುಂಗುವುದಿಲ್ಲ. ಉಗುಳಿದರೆ ಆತಿಥೇಯರಿಗೆ ಅವಮಾನವೆಂದು ನಾಚಬೇಡಿ.

ಇನ್ನೊಂದು ಸಂಕೋಚ ಮಾತಿನದು. ವಿವರಣೆ ಕೊಡುವವರು ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ, ಸೀಡರ್ ಎಂದು ಹೇಳುತ್ತಾ ಹೋಗುತ್ತಾರೆ. ದೊಡ್ಡಬಳ್ಳಾಪುರದ ಸಂತೆಯಲ್ಲಿ ಈ ಯಾವುದೂ ಸಿಗುವುದಿಲ್ಲ. ನಾವು ತಿಂದಿಲ್ಲದ ಹಣ್ಣನ್ನು ಲೋಟದಲ್ಲಿ ಹುಡುಕುವುದು ಹೇಗೆ? ಹುಡುಕಬೇಕಾಗಿಯೂ ಇಲ್ಲ. ಆರು ರಸಗಳನ್ನು ಹೆಸರಿಟ್ಟು ಕರೆದ ನಾಡು ನಮ್ಮದು. ನಮ್ಮ ಅಡಿಗೆಮನೆಯ ಮಾತುಗಳೇ ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಲೋಟವನ್ನು ಕೆಳಗಿನ ಕಡ್ಡಿಯಲ್ಲಿ ಹಿಡಿದು ಬಿಳಿಯ ಬಟ್ಟೆಯ ಮುಂದೆ ನೋಡಿ, ಬಣ್ಣ ತಿಳಿಯುತ್ತದೆ. ಒಮ್ಮೆ ಮೆಲ್ಲನೆ ತಿರುಗಿಸಿ ಮೂಗಿನ ಬಳಿ ತನ್ನಿ. ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ನಾಲ್ಕೈದು ಮಾತ್ರ. ಮಿಕ್ಕದ್ದೆಲ್ಲ ಮೂಗಿನ ಕೆಲಸ. ಅನುಮಾನವಿದ್ದರೆ ಮನೆಯಲ್ಲೇ ಪರೀಕ್ಷಿಸಬಹುದು. ಮೂಗನ್ನು ಬಿಗಿಯಾಗಿ ಹಿಡಿದು ಒಂದು ಏಲಕ್ಕಿ ಅಗಿಯಿರಿ. ಏನೋ ಖಾರ, ಏನೋ ನಾರು, ಅಷ್ಟೆ. ಮೂಗು ಬಿಡಿ, ಏಲಕ್ಕಿ ಒಮ್ಮೆಗೇ ಬಂದುಬಿಡುತ್ತದೆ. ಬಾಯಿಂದ ಗಂಟಲ ಹಿಂದಿನ ದಾರಿಯಾಗಿ ಮೂಗಿಗೆ ಏರಿದ ಕಂಪು ಅದು. ವೈನನ್ನು ಬಾಯಲ್ಲಿ ಹಿಡಿದು ತುಸು ಗಾಳಿ ಎಳೆದುಕೊಳ್ಳುವುದೂ ಇದಕ್ಕಾಗಿಯೇ. ಸಾರು ಸುರ್ರೆನ್ನುವವರಿಗೆ ಇದನ್ನು ಕಲಿಸಬೇಕಾಗಿಲ್ಲ.

ಬಿಳಿಯದರಿಂದ ಆರಂಭಿಸುವುದು ರೂಢಿ. ಸೋವಿನ್ಯೋನ್ ಬ್ಲಾಂ ಎಂಬ ತಳಿಯ ವೈನಿನಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯನ್ನು ಆಗತಾನೆ ಹೆಚ್ಚಿದ ವಾಸನೆ ಬಂದರೆ ನಿಮ್ಮ ಮೂಗು ತಪ್ಪಿಲ್ಲ. ಎರಡರಲ್ಲೂ ಇರುವುದು ಒಂದೇ ಬಗೆಯ ರಾಸಾಯನಿಕ. ಹಣ್ಣು ಚೆನ್ನಾಗಿ ಮಾಗಿದ್ದರೆ ಅದು ಹಿಂದೆ ಸರಿದು ಸೀಬೆಹಣ್ಣಿನ ಕಂಪು ಮುಂದಾಗುತ್ತದೆ. ಹುಳಿ ಎಷ್ಟಿದೆಯೆಂದು ತಿಳಿಯಲು ಉಗುಳಿದ ಮೇಲೆ ದವಡೆಯ ಪಕ್ಕದಲ್ಲಿ ಎಷ್ಟು ನೀರೂರಿತು ಎಂಬುದನ್ನು ಗಮನಿಸಿ. ನಂದಿಯ ತಂಪು ರಾತ್ರಿಗಳು ಲೋಟದಲ್ಲಿ ಇವೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.

ಷಿರಾಜ್ ಎಂಬ ಕೆಂಪು ವೈನನ್ನು ಮೂಸಿದಾಗ ಕರಿಮೆಣಸಿನ ನೆನಪಾಗುವುದುಂಟು. ಇದು ಕವಿಕಲ್ಪನೆಯಲ್ಲ. 2008ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಇದಕ್ಕೆ ಕಾರಣವಾದ ರೊಟಂಡೋನ್ ಎಂಬ ವಸ್ತುವನ್ನು ಗುರುತಿಸಿದರು. ನಮ್ಮ ಮಲೆನಾಡಿನ ಮೆಣಸಿನ ಘಾಟಿನಲ್ಲಿರುವುದೂ ಅದೇ. ಐವರಲ್ಲಿ ಒಬ್ಬರಿಗೆ ಅದರ ವಾಸನೆ ತಿಳಿಯುವುದೇ ಇಲ್ಲವಂತೆ. ಆದ್ದರಿಂದ ಗಂಡ ‘ಮೆಣಸು’ ಎಂದಾಗ ಹೆಂಡತಿ ‘ಏನೂ ಇಲ್ಲ’ ಎಂದರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ಕೊನೆಗೆ ಕ್ಯಾಬರ್ನೆ ಸೋವಿನ್ಯೋನ್. ನೇರಳೆ ಹಣ್ಣು ತಿಂದ ಮೇಲೆ ನಾಲಗೆ ಹೇಗಾಗುತ್ತದೆ? ಬಾಳೆಕಾಯಿಯ ಸಿಪ್ಪೆ ಕಚ್ಚಿದಾಗ, ಹಸಿ ಅಡಿಕೆ ಅಗಿದಾಗ? ಇದನ್ನು ವಿವರಿಸಲು ಇಂಗ್ಲಿಷ್ ಪುಸ್ತಕಗಳು ಅರ್ಧ ಪುಟ ತೆಗೆದುಕೊಳ್ಳುತ್ತವೆ. ನಮಗೆ ಒಗರು ಎಂದರೆ ಮುಗಿಯಿತು, ಮಕ್ಕಳಿಗೂ ತಿಳಿಯುತ್ತದೆ. ಸಿಪ್ಪೆ ಬೀಜಗಳಿಂದ ಬಂದ ಟ್ಯಾನಿನ್ ಎಂಬುದು ಎಂಜಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಬಾಯಿಯ ಜಾರುತನ ಹೋಗಿ ಹೀಗಾಗುತ್ತದೆ. ಒಗರಿನಲ್ಲೂ ಬಗೆಯುಂಟು. ಚೆನ್ನಾಗಿ ಕಳಿತ ನೇರಳೆಯ ಒಗರು ಬಾಯಿತುಂಬ ಹರಡಿ ಮೆಲ್ಲನೆ ಇಳಿಯುತ್ತದೆ. ಎಳಸು ಕಾಯಿಯದು ಒಂದೇ ಕಡೆ ಹಿಡಿದೆಳೆಯುತ್ತದೆ. ಎರಡನೆಯದು ಕಂಡರೆ ಹಣ್ಣು ಬೇಗ ಕೊಯ್ದರೆಂದು ಊಹಿಸಬಹುದು. ಮನೆಯ ಊಟದೊಡನೆ ಕೂಡುವುದೇ ಎಂದು ಕೇಳಿದರೆ, ಒಗರು ಹೆಚ್ಚಿರುವ ಕೆಂಪು ವೈನು ನಮ್ಮ ಖಾರಕ್ಕೆ ಒಳ್ಳೆಯ ಜೊತೆಯಲ್ಲ. ಟ್ಯಾನಿನ್ನೂ ಮದ್ಯಸಾರವೂ ಉರಿಯನ್ನು ಹೆಚ್ಚಿಸುತ್ತವೆ.

ಕೋಣೆಯಿಂದ ಹೊರಬಂದು ದೇವನಹಳ್ಳಿಯ ಕಡೆ ನೋಡಿದರೆ ವಿಮಾನಗಳು ಇಳಿಯುವುದು ಕಾಣುತ್ತದೆ. 2008ರಲ್ಲಿ ಅಲ್ಲಿ ವಿಮಾನನಿಲ್ದಾಣ ತೆರೆದಂದಿನಿಂದ ಈ ಸೀಮೆಯ ನೆಲದ ಬೆಲೆ ಬೆಳೆಯ ಬೆಲೆಯೊಡನೆ ಯಾವ ಸಂಬಂಧವನ್ನೂ ಇಟ್ಟುಕೊಂಡಿಲ್ಲ. ಹೊಲದ ಬದುಗಳಲ್ಲಿ ನಿವೇಶನದ ಕಲ್ಲುಗಳು ನೆಟ್ಟಿವೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ನೆಟ್ಟ ಬಳ್ಳಿ ಫಸಲು ಕೊಡಲು ಮೂರು ವರ್ಷ ಬೇಕು. ಆ ಮೇಲೆ ಇಪ್ಪತ್ತೈದು ಮೂವತ್ತು ವರ್ಷ ಬಾಳುತ್ತದೆ. ಅಷ್ಟು ದೂರ ನೋಡಿ ನೆಲ ಉಳಿಸಿಕೊಳ್ಳುವ ರೈತನಿಗೆ ಆಗುವ ಲಾಭವೇನೆಂದು ಲೆಕ್ಕ ಹಾಕಿ. ತಿನ್ನುವ ದಿಲ್‌ಖುಷ್ ಬೆಳೆದವನು ಒಂದು ಮಂಡಿಯಲ್ಲಿ ಬೆಲೆ ಬಾರದಿದ್ದರೆ ಇನ್ನೊಂದಕ್ಕೆ ಒಯ್ಯುತ್ತಾನೆ. ವೈನಿನ ದ್ರಾಕ್ಷಿಯನ್ನು ಕಾರ್ಖಾನೆ ಕೊಳ್ಳದಿದ್ದರೆ ತಿನ್ನುವವರು ಯಾರೂ ಇಲ್ಲ. 2008–09ರ ಆರ್ಥಿಕ ಹಿಂಜರಿತದ ಬಳಿಕ ವೈನಿನ ಮಾರಾಟ ಕುಗ್ಗಿದಾಗ ನಾಸಿಕದ ಕಡೆ ಅನೇಕ ರೈತರು ಬಳ್ಳಿಗಳನ್ನು ಕಿತ್ತುಹಾಕಿದರು. ಇದರ ಮೇಲೆ ಏಪ್ರಿಲ್ಲಿನ ಆಲಿಕಲ್ಲು ಬೇರೆ. ನನ್ನ ಎಣಿಕೆಯಲ್ಲಿ ಈ ತೋಟಗಳಿಗೆ ಹವೆಗಿಂತ ಹೆಚ್ಚಿನ ಎದುರಾಳಿ ಬಡಾವಣೆ. ತಳಿಯನ್ನು ಬೇರೆ ಜಿಲ್ಲೆಗೆ ಒಯ್ಯಬಹುದು, ಯಂತ್ರವನ್ನೂ ಒಯ್ಯಬಹುದು. ಈ ಎತ್ತರದ ರಾತ್ರಿಯನ್ನು ಒಯ್ಯಲಾಗದು.

ಹೋಗುವುದಾದರೆ ಫೆಬ್ರವರಿ ಮಾರ್ಚಿನಲ್ಲಿ, ಕೊಯ್ಲಿನ ಕಾಲಕ್ಕೆ ಹೋಗಿ. ಮುಂಚಿತವಾಗಿ ವಿಚಾರಿಸಿಕೊಂಡು ಹೋಗುವುದು ಮೇಲು. ಬೆಳಿಗ್ಗೆ ಬೇಗ ತಲಪಿದಷ್ಟೂ ಒಳ್ಳೆಯದು, ಏಕೆಂದರೆ ಹಣ್ಣು ತಂಪಾಗಿರುವಾಗಲೇ ಕೊಯ್ದು ಸಾಗಿಸುತ್ತಾರೆ. ಹಿಂದಿರುಗುವಾಗ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿಬರಬೇಕೆಂದಿರುವ ಮನೆಯವರು ಅದನ್ನು ಮೊದಲೇ ಮುಗಿಸಿಕೊಳ್ಳುವುದು ಲೇಸೆಂದು ಬೇರೆ ಹೇಳಬೇಕಾಗಿಲ್ಲ. ಕಾರ್ಖಾನೆಯ ಹಿತ್ತಲಿಗೂ ಒಮ್ಮೆ ಹೋಗಿ ನೋಡಲು ಅನುಮತಿ ಕೇಳಿ. ಹಿಂಡಿದ ಮೇಲೆ ಉಳಿದ ಸಿಪ್ಪೆ ಬೀಜಗಳ ಚರಟ ರಾಶಿಯಾಗಿ ಬಿದ್ದಿರುತ್ತದೆ; ಕೊಳೆತು ಗೊಬ್ಬರವಾದರೆ ಮತ್ತೆ ಬಳ್ಳಿಯ ಬುಡಕ್ಕೇ ಹಾಕಬಹುದು. ಒಂದು ಹಿಡಿ ತೆಗೆದುಕೊಂಡು ಮೂಸಿ ನೋಡಿ. ಒಳಗಿನ ಲೋಟದಲ್ಲಿ ತಿಳಿಯದೆ ಹೋದ ಎಷ್ಟೋ ಕಂಪು ಅಲ್ಲಿ ಒಟ್ಟಿಗೆ ಸಿಗುತ್ತದೆ, ಅದಕ್ಕೆ ಯಾವ ಶುಲ್ಕವೂ ಇಲ್ಲ.